ಅಮ್ಮ ಒರಗುವ ಗೋಡೆ

ಮನೆಯ ಒಳಗಿನ ಗೋಡೆಗೆ ಪ್ಲಾಸ್ಟಿಕ್ ಹುಲ್ಲು ಹಚ್ಚುತ್ತಾರೆ ಎನ್ನುವುದು ನನಗೆ ಗೊತ್ತಾದದ್ದು ಮೂಡುಬಿದಿರೆಯ ಒಂದು ಅಂಗಡಿಯಲ್ಲಿ. ಅಂಗಡಿಯಾತ ಅದನ್ನು ಚಾಪೆ ಬಿಡಿಸಿದ ಹಾಗೆ ನೆಲದ ಮೇಲೆ ಬಿಡಿಸಿದ. ನಡುನಡುವೆ ಬಿಳಿ ಹೂಗಳೂ ಇದ್ದವು.

"ಇದರಲ್ಲಿ ಧೂಳು ಕೂತರೆ ಎಂತ ಮಾಡುವುದು?" ಎಂದು ಕೇಳಿದೆ.

"ಪೈಪ್ ಹಿಡಿದು ತೊಳೆಯಬಹುದು ಮೇಡಂ. ಇದಕ್ಕೆ ಎಂತ ಆಗುವುದಿಲ್ಲ."

ಟಿವಿಯ ಹಿಂದಿನ ಗೋಡೆಗೆ ಪೈಪಿನಲ್ಲಿ ನೀರು ಬಿಡುತ್ತಾ ನಿಂತ ಸಂಸಾರವೊಂದನ್ನು ನೆನೆದು ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ನನ್ನ ತಮ್ಮ ಮಾತ್ರ ಬಗ್ಗಿ ಆ ಹುಲ್ಲನ್ನು ಸವರಿ ನೋಡುತ್ತಿದ್ದ. ಮನೆಯ ಹಿಂದಿನ ಗುಡ್ಡದಲ್ಲಿ ನಿಜವಾದ ಹುಲ್ಲು ಎದೆಯುದ್ದ ಬೆಳೆಯುತ್ತದೆ, ಕತ್ತರಿಸಲು ಜನ ಸಿಗುವುದಿಲ್ಲ ಎಂದು ವರ್ಷವಿಡೀ ಗೊಣಗುವ ಮನುಷ್ಯ ಇವನೇ.

ಇದಕ್ಕೆಲ್ಲ ಕಾರಣ ತಮ್ಮನ ಮಗಳಿಗೆ ಕೂಡಿಬಂದ ಸಂಬಂಧ. ಹುಡುಗನ ಮನೆ ಬೆಳ್ತಂಗಡಿಯಲ್ಲಿ. ಮಾತುಕತೆ ಮುಗಿದ ಮೇಲೆ ನಾವು ಮನೆ ನೋಡಲು ಹೋಗಿದ್ದೆವು. ಒಳ್ಳೆಯ ಜನ, ಒಳ್ಳೆಯ ಹುಡುಗ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅವರ ಹಾಲಿನ ಒಂದು ಗೋಡೆಯ ಬಗ್ಗೆ. ಉಳಿದ ಮೂರು ಗೋಡೆಗಳು ಮರ್ಯಾದೆಯಿಂದ ಬಿಳಿಯಾಗಿದ್ದವು. ನಾಲ್ಕನೆಯದಕ್ಕೆ ಕಪ್ಪು ಅಮೃತಶಿಲೆಯ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಶೀಟು. ಅದರ ತುಂಬ ಚಿನ್ನದ ಬಣ್ಣದ ಗೀರುಗಳು, ಅಂಚಿಗೆ ಸುತ್ತಲೂ ದೀಪದ ಪಟ್ಟಿ.

"ಇದು ಆಕ್ಸೆಂಟ್ ವಾಲ್" ಎಂದರು ಹುಡುಗನ ತಂದೆ, ಮನೆಯ ಹಿರಿಯರೊಬ್ಬರನ್ನು ಪರಿಚಯ ಮಾಡಿಸುವ ಹಾಗೆ. ರಿಮೋಟ್ ಒತ್ತಿದರು. ದೀಪದ ಬಣ್ಣ ಬದಲಾಗತೊಡಗಿತು. ನಾವು ಅವಲಕ್ಕಿ, ಬಾಳೆಹಣ್ಣು ತಿನ್ನುತ್ತಾ ಕುಳಿತಿದ್ದೆವು. ನಮ್ಮ ಮುಖಗಳು ನೀಲಿಯಾದವು, ನೇರಳೆಯಾದವು, ಹಸಿರಾದವು. ಹಸಿರು ಮುಖದ ತಮ್ಮ ಬಾಯಿ ತೆರೆದುಕೊಂಡು ಗೋಡೆಯನ್ನೇ ನೋಡುತ್ತಿದ್ದ.

ವಾಪಸು ಬರುವಾಗ ಕಾರು ಪುಂಜಾಲಕಟ್ಟೆ ದಾಟಿತು. ಆಮೇಲೆ ತಮ್ಮ ಶುರು ಮಾಡಿದ.

"ಅಕ್ಕ, ನಿಶ್ಚಿತಾರ್ಥ ನಮ್ಮ ಮನೆಯಲ್ಲಿ. ಅಷ್ಟು ಜನ ಬರ್ತಾರೆ, ಫೋಟೊ ತೆಗೀತಾರೆ. ಆ ಗೋಡೆಯ ಎದುರು ಹುಡುಗಿಯನ್ನು ಕೂರಿಸ್ಲಿಕ್ಕೆ ಆಗ್ತದಾ ಮಾರಾಯ್ತಿ?"

"ಹೇಸಿಗೆ ಕಾಣ್ತದೆ ಅತ್ತಿಗೆ" ಎಂದಳು ಹಿಂದಿನ ಸೀಟಿನಿಂದ ತಮ್ಮನ ಹೆಂಡತಿ.

ಆ ಗೋಡೆ ಎಂದರೆ ಸಿದ್ಧಕಟ್ಟೆಯ ಹತ್ತಿರ ಇರುವ ನಮ್ಮ ಮನೆಯ ಚಾವಡಿಯ ಒಳಗೋಡೆ. ಚಾವಡಿ ಎನ್ನುವುದು ನಾನೊಬ್ಬಳೇ, ಉಳಿದವರಿಗೆಲ್ಲ ಅದೀಗ ಹಾಲ್. ಅಮ್ಮ ಒರಗುವುದು ಆ ಗೋಡೆಗೆ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ನನಗೆ ಬುದ್ಧಿ ಬಂದಂದಿನಿಂದ ಅವಳು ಅಲ್ಲೇ ಕಾಲು ನೀಡಿ, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುತ್ತಿ, ನೂಲು ಕಟ್ಟಿ ಬದಿಗೆ ಹಾಕುವುದು. ಮಾತಾಡುವಾಗ, ಬಯ್ಯುವಾಗ, ಅಳುವಾಗಲೂ ಕೈ ನಿಲ್ಲುತ್ತಿರಲಿಲ್ಲ. ನನ್ನ ಓದು, ತಮ್ಮನ ಓದು, ಅಪ್ಪನ ಕೊನೆಗಾಲದ ಮದ್ದು ಎಲ್ಲವೂ ಆ ಗೆರಸೆಯಿಂದ ಬಂದದ್ದು. ಕೆಮ್ಮು ಹೆಚ್ಚಾಗಿ ಬೀಡಿ ಕಟ್ಟುವುದು ಬಿಟ್ಟಳು, ಜಾಗ ಬಿಡಲಿಲ್ಲ. ಈಗ ಅಲ್ಲಿ ಕುಳಿತು ಹರಿವೆ ಸೊಪ್ಪು ಸೋಸುತ್ತಾಳೆ, ಟಿವಿಯ ಧಾರಾವಾಹಿಯ ಅತ್ತೆಯಂದಿರನ್ನು ಬಯ್ಯುತ್ತಾಳೆ. ಸೋಫಾ ಅವಳಿಗಾಗದು. "ಮುಳುಗ್ತದೆ" ಎನ್ನುತ್ತಾಳೆ.

ಎಣ್ಣೆ ಹಚ್ಚಿದ ತಲೆ, ಬೆವರಿದ ಬೆನ್ನು ತಾಗಿ ತಾಗಿ ಗೋಡೆಯಲ್ಲಿ ಒಂದು ಕಲೆಯಾಗಿತ್ತು. ಮೇಲೆ ದುಂಡಗೆ, ಕೆಳಗೆ ಅಗಲಕ್ಕೆ, ಒಬ್ಬ ಹೆಂಗಸು ಕುಳಿತಷ್ಟೇ ಎತ್ತರಕ್ಕೆ. ಪೇಂಟ್ ಬಳಿದರೆ ಸ್ವಲ್ಪ ಕಾಲ ಸುಮ್ಮನಿದ್ದು, ಎಣ್ಣೆ ಮತ್ತೆ ಮೇಲೆ ಬರುತ್ತಿತ್ತು. ತಮ್ಮನ ಹೆಂಡತಿ ಕ್ಯಾಲೆಂಡರ್ ತೂಗುಹಾಕಿ ನೋಡಿದಳು. ಅಮ್ಮನ ತಲೆ ತಾಗಿ ಕ್ಯಾಲೆಂಡರಿಗೂ ಎಣ್ಣೆ ಹತ್ತಿತು.

ಕಾರಿನಲ್ಲಿ ತಮ್ಮನ ಹೆಂಡತಿಯ ಬಾಯಿಂದ ಹೇಸಿಗೆ ಎಂಬ ಮಾತು ಕೇಳಿ ನನ್ನ ಮೈ ಉರಿಯಿತು. ಯಾವ ಬೆನ್ನಿನ ದುಡಿಮೆಯಲ್ಲಿ ಇವರೆಲ್ಲ ನಿಂತಿದ್ದಾರೋ ಆ ಬೆನ್ನಿನ ಗುರುತು ಇವರಿಗೆ ಹೇಸಿಗೆ, ನೀಲಿ ದೀಪ ಚಂದ. ಆವತ್ತೇ ನಿರ್ಧರಿಸಿದೆ. ಈ ವಿಷಯದಲ್ಲಿ ನಾನು ಬಾಯಿ ಮುಚ್ಚಿ ಕೂರುವವಳಲ್ಲ. ಮೂಡುಬಿದಿರೆಯಲ್ಲಿ ಪಾಠ ಮಾಡಿಕೊಂಡು ಅಲ್ಲೇ ಬಾಡಿಗೆ ಮನೆಯಲ್ಲಿರುವ ನಾನು, ರಜೆ ಹಾಕಿ ಅವರ ಜೊತೆ ಅಂಗಡಿ ಸುತ್ತಲು ಹೊರಟದ್ದು ಅಮ್ಮನ ಗೋಡೆಯನ್ನು ಉಳಿಸಲಿಕ್ಕೆ.

ಆದರೆ ಅಂಗಡಿಗಳಲ್ಲಿ ಏನೇನಿದೆ ಎಂದು ನನಗೆ ಗೊತ್ತಿರಲಿಲ್ಲ. ಹುಲ್ಲು ಬರೀ ಆರಂಭ. ಆಮೇಲೆ ಮರದ ಬಣ್ಣದ, ಸಾಲಾಗಿ ಏಣು ಎದ್ದ ಲೂವರ್ ಪಟ್ಟಿಗಳು ಬಂದವು. ಮರವಲ್ಲ, ಮರದ ಹುಡಿಯೂ ಅಲ್ಲ, ಮೂಸಿ ನೋಡಿದರೆ ಹೊಸ ಚಪ್ಪಲಿಯ ವಾಸನೆ. ಸ್ಪಂಜಿನ ಇಟ್ಟಿಗೆ ಬಂತು, ಬೆರಳಿನಿಂದ ಒತ್ತಿದರೆ ಒಳಗೆ ಹೋಗುವ ಇಟ್ಟಿಗೆ! ಗೋಡೆಯಿಡೀ ತುಂಬುವ ಜಲಪಾತದ ಕಾಗದ ಬಂತು. ಅದರಲ್ಲಿ ಹಂಸ, ಜಿಂಕೆ, ನವಿಲು ಎಲ್ಲ ಒಂದೇ ನೀರಿಗೆ ಬಂದು ನಿಂತಿದ್ದವು. ಪ್ರತಿಯೊಂದಕ್ಕೂ ತಮ್ಮನ ಹೆಂಡತಿ "ಇದು ಒರೆಸ್ಲಿಕ್ಕೆ ಆಗ್ತದಾ?" ಎಂದು ಕೇಳುತ್ತಿದ್ದಳು. ಗೋಡೆ ಚಂದ ಉಂಟಾ ಎಂದಲ್ಲ, ಒರೆಸಲಿಕ್ಕೆ ಆಗುತ್ತದಾ ಎಂದು. ಒರೆಸಬೇಕಾದದ್ದು ಯಾರ ಗುರುತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಲೂವರ್ ಪಟ್ಟಿಗೆ ನಾನು ಬೆನ್ನು ಕೊಟ್ಟು ನಿಂತು ನೋಡಿದೆ. ಏಣುಗಳು ಬೆನ್ನುಮೂಳೆಗೆ ಒತ್ತಿದವು.

"ಅಮ್ಮ ಒರಗುವುದು ಎಲ್ಲಿ?" ಎಂದು ಕೇಳಿದೆ.

"ಅಮ್ಮನಿಗೆ ಸೋಫಾ ಉಂಟಲ್ಲ" ಎಂದ ತಮ್ಮ.

"ಅಮ್ಮ ಸೋಫಾದಲ್ಲಿ ಕೂತದ್ದನ್ನು ನೀನು ನೋಡಿದ್ದೀಯಾ?"

ಅವನು ಜಲಪಾತದ ಕಡೆ ತಿರುಗಿದ. ಅಂಗಡಿಯಾತ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. ಗೋಡೆಗೆ ಒರಗುತ್ತಾರೆ ಎನ್ನುವ ಸಂಗತಿಯೇ ಅವನ ವ್ಯಾಪಾರದಲ್ಲಿ ಇರಲಿಲ್ಲ.

ಮರುವಾರ ಬಂಟ್ವಾಳದ ಬಿ.ಸಿ. ರೋಡಿಗೆ ಹೋದೆವು. ಅಲ್ಲಿ ವಯಸ್ಸಾದ ಬ್ಯಾರಿ ಸಾಹೇಬರೊಬ್ಬರ ಅಂಗಡಿ. ಮಾತಿನಲ್ಲಿ ಮೃದು. ಬಿಸಿಲಲ್ಲಿ ಬಂದಿದ್ದೀರಿ ಎಂದು ಮೊದಲು ಶರಬತ್ತು ತರಿಸಿಕೊಟ್ಟರು. ಆಮೇಲೆ "ಈಗ ಎಲ್ಲರೂ ಇದನ್ನೇ ಕೇಳುವುದು" ಎಂದು ಒಂದು ಶೀಟನ್ನು ನನ್ನೆದುರು ನಿಲ್ಲಿಸಿದರು. ಕೆಂಪುಕಲ್ಲು. ಕಲ್ಲಿನ ತೂತು, ಕೊಡಲಿ ಕಚ್ಚು, ನಡುವಿನ ಸಂದಿ ಎಲ್ಲವೂ ಪ್ಲಾಸ್ಟಿಕ್ಕಿನಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು.

ನನಗೆ ತಲೆಯೇ ಕೆಟ್ಟು ಹೋಯಿತು. ನಮ್ಮ ಸುತ್ತಿನ ಮೂರು ತಾಲೂಕಿನಲ್ಲಿ ಯಾವ ಗುಡ್ಡ ಅಗೆದರೂ ಸಿಗುವುದು ಅದೇ ಕಲ್ಲು. ನಮ್ಮ ಮನೆ ಕಟ್ಟಿದ್ದೂ ಅದೇ ಕಲ್ಲಿನಲ್ಲಿ. ಅದರ ಮೇಲೆ ಸಿಮೆಂಟಿನ ಸಾರಣೆ, ಸಾರಣೆಯ ಮೇಲೆ ಪೇಂಟು, ಪೇಂಟಿನ ಮೇಲೆ ಈಗ ಕಲ್ಲಿನ ಚಿತ್ರ!

"ಅಲ್ಲ ಸಾಯ್ಬೇರೇ, ಕಲ್ಲಿನ ಗೋಡೆಗೆ ಕಲ್ಲಿನ ಪ್ಲಾಸ್ಟಿಕ್ ಹಚ್ಚುವುದಾ?"

ಅವರು ಬೇಸರಪಟ್ಟುಕೊಳ್ಳಲಿಲ್ಲ. "ನಮ್ಮ ಮನೆಯಲ್ಲಿಯೂ ಹಾಕಿದ್ದೇವೆ ಮೇಡಂ. ಕಲ್ಲಿನ ಮೇಲೆಯೇ. ಅಸಲಿ ಕಲ್ಲಿನಲ್ಲಿ ಹುಡಿ ಉದುರ್ತದೆ, ಇರುವೆ ಬರ್ತದೆ. ಇದರಲ್ಲಿ ಆ ರಗಳೆ ಇಲ್ಲ" ಎಂದರು.

ಅವರ ಮಾತು ನನ್ನ ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ. ನನಗೆ ಆಗಲೇ ದಾರಿ ಸಿಕ್ಕಿಬಿಟ್ಟಿತ್ತು. ಅಂಗಡಿಯ ಮೆಟ್ಟಿಲ ಮೇಲೆಯೇ ತಮ್ಮನಿಗೆ ಹೇಳಿದೆ. "ಏನನ್ನೂ ಹಚ್ಚುವುದು ಬೇಡ. ಇದ್ದ ಸಾರಣೆಯನ್ನು ಕೆತ್ತಿ ತೆಗೆಸುವ. ಒಳಗೆ ಅಸಲಿ ಕಲ್ಲೇ ಉಂಟು. ಅದನ್ನು ಉಜ್ಜಿ ನುಣುಪು ಮಾಡಿ ವಾರ್ನಿಷ್ ಕೊಡಿಸಿದರೆ ಆಯಿತು. ಅಮ್ಮನಿಗೆ ಒರಗಲಿಕ್ಕೂ ಆಗ್ತದೆ, ನಿನ್ನ ಫೋಟೊಕ್ಕೂ ಆಗ್ತದೆ."

ಅವನು ಒಪ್ಪುತ್ತಾನೆ ಎಂದು ಎಣಿಸಿರಲಿಲ್ಲ. ಆದರೆ ಮಗಳು ಮೊಬೈಲಿನಲ್ಲಿ ಯಾವುದೋ ರೆಸಾರ್ಟಿನ ಕೆಂಪುಕಲ್ಲಿನ ಗೋಡೆ ತೋರಿಸಿದಳು. ಬೆಳ್ತಂಗಡಿಯವರಲ್ಲಿ ಇಲ್ಲದ್ದು ಎಂದು ಗೊತ್ತಾದ ಕೂಡಲೇ ಅವನ ಕಣ್ಣರಳಿತು. ಕಲೆ ಹೋಗುತ್ತದೆ ಎಂದು ಅವನ ಹೆಂಡತಿಗೂ ಸಮಾಧಾನವಾಯಿತು. ಅಮ್ಮನನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅವಳ ಪರವಾಗಿ ಜಗಳಾಡುವುದರಲ್ಲಿ ನನಗೆ ಪುರುಸೊತ್ತೇ ಇರಲಿಲ್ಲ.

ಧೂಳಿಗೆ ಕೆಮ್ಮು ಜಾಸ್ತಿಯಾಗುತ್ತದೆ ಎಂದು ಕೆಲಸ ಮುಗಿಯುವವರೆಗೆ ಅಮ್ಮನನ್ನು ಮೂಡುಬಿದಿರೆಗೆ ಕರೆದುಕೊಂಡು ಬಂದೆ.

"ಗೋಡೆಗೆ ಎಂತ ಮಾಡ್ತಾರೆ?" ಎಂದು ಕೇಳಿದಳು.

"ಚಂದ ಮಾಡ್ತಾರೆ. ಹೋಗಿ ನೀನೇ ನೋಡು."

"ಪೇಂಟಾ?"

"ಪೇಂಟಿಗಿಂತ ಚಂದ."

ನನ್ನ ಬಾಡಿಗೆ ಮನೆಯಲ್ಲಿ ಅವಳಿಗೆ ಒರಗಲು ಜಾಗ ಸಿಗಲಿಲ್ಲ. ಒಂದು ಕಡೆ ಪುಸ್ತಕದ ಕಪಾಟು, ಇನ್ನೊಂದು ಕಡೆ ಕಿಟಕಿ. ದಿನವಿಡೀ ಮಂಚದ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು, ಬಸ್ಸು ಕಾಯುವವರ ಹಾಗೆ. ನನಗೆ ಅದು ಕಂಡಿತ್ತು. ಇನ್ನೇನು, ತನ್ನ ಗೋಡೆಗೆ ಹೋಗಿ ಸೇರುತ್ತಾಳಲ್ಲ ಎಂದುಕೊಂಡೆ.

ನಿಶ್ಚಿತಾರ್ಥಕ್ಕೆ ಸ್ವಲ್ಪ ಮುಂಚೆ ಅವಳನ್ನು ವಾಪಸು ಕರೆದುಕೊಂಡು ಹೋದೆ. ರಿಕ್ಷಾದಿಂದ ಇಳಿದವಳು ಒಳಗೆ ಹೋಗಲಿಲ್ಲ. ಅಂಗಳದ ಮೂಲೆಯಲ್ಲಿ ಒಡೆದ ಸಾರಣೆಯ ರಾಶಿ ಹಾಗೆಯೇ ಬಿದ್ದಿತ್ತು. ಅದರ ಹತ್ತಿರ ಹೋಗಿ ನಿಂತಳು. ಕಾಲಿನಲ್ಲಿ ಒಂದು ತುಂಡನ್ನು ಮಗುಚಿದಳು. ಒಂದು ಬದಿಯಲ್ಲಿ ಹಳೆಯ ಹಸಿರು ಪೇಂಟು, ಅದರ ಮೇಲಿನ ಹಳದಿ, ಎಲ್ಲಕ್ಕೂ ಮೇಲೆ ಎಣ್ಣೆಯ ಕಪ್ಪು ಕಾಣಿಸಿತು.

"ಇದು ಯಾವ ಗೋಡೆಯದ್ದು?"

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ಚಾವಡಿಯ ನಡುವೆ ನಿಂತು ಕಲ್ಲನ್ನು ನೋಡಿದಳು. ನಿಜ ಹೇಳಬೇಕೆಂದರೆ ರೆಸಾರ್ಟಿನ ಹಾಗೆ ಆಗಿರಲಿಲ್ಲ. ಸಾರಣೆ ಕೆತ್ತಿದ ಉಳಿಯ ಗಾಯಗಳು ಹಾಗೆಯೇ ಇದ್ದವು. ಉಜ್ಜಿದರೂ ತೂತುಗಳು ತೂತುಗಳೇ. ಕಲ್ಲು ಉಬ್ಬಿದ ಕಡೆ ವಾರ್ನಿಷ್ ಹೊಳೆಯುತ್ತಿತ್ತು, ತಗ್ಗಿದ ಕಡೆ ಹುಡಿಹುಡಿಯಾಗಿತ್ತು. ಅಮ್ಮ ಅಂಗೈಯಿಂದ ಒಮ್ಮೆ ಸವರಿ ಅಂಗೈ ನೋಡಿಕೊಂಡಳು. ಕೆಂಪಾಗಿತ್ತು.

"ಇದನ್ನು ಒಡೆಯಲಿಕ್ಕೆ ಹೇಳಿದ್ದು ಯಾರು?"

"ನಾನೇ ಅಮ್ಮ. ಅಸಲಿ ಕಲ್ಲು..."

"ಕಲ್ಲು ಎಂತದ್ದು? ಕಲ್ಲು ಗುಡ್ಡದಲ್ಲಿಯೂ ಉಂಟು." ಅವಳ ದನಿ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತು. "ನೀನು ಸಣ್ಣವಳು ಆಗ. ಮನೆಗೆ ಬಂದು ಕೂತಾಗ ನಾಲ್ಕು ಗೋಡೆಯೂ ಹೀಗೇ ಇದ್ದದ್ದು. ಒರಗಿದರೆ ಹುಡಿ ಉದುರಿ ಗೆರಸೆಗೆ ಬೀಳ್ತಿತ್ತು. ಬೀಡಿ ಕೊಡುವ ಬ್ರಾಂಚಿನಲ್ಲಿ ಕೆಂಪು ಹುಡಿ ಉಂಟು ಅಂತ ಬೀಡಿಯ ಕಟ್ಟನ್ನೇ ಬಿಸಾಡ್ತಿದ್ದರು, ಎಲ್ಲರ ಎದುರು. ಕೂಡಿಟ್ಟ ಬೀಡಿಯ ಹಣದಲ್ಲಿ ಒಂದು ಗೋಡೆಗೆ ಆಗುವಷ್ಟು ಸಿಮೆಂಟು ಬಂತು. ನಿನ್ನ ಅಪ್ಪ ಹೇಳಿದರು, ಹೊರಗಿನ ಗೋಡೆಗೆ ಮಾಡಿಸುವ, ಹೋಗಿ ಬರುವವರಿಗೆ ಕಾಣ್ತದೆ ಅಂತ. ನಾನು ಕೇಳ್ಲಿಲ್ಲ. ಬೀಡಿ ಕಟ್ಟಿದ್ದು ನಾನು, ನಾನು ಕೂರುವ ಗೋಡೆಗೇ ಆಗಬೇಕು ಅಂದೆ. ಈ ಮನೆಯಲ್ಲಿ ನಾನು ಹಟ ಮಾಡಿದ್ದು ಅದೊಂದಕ್ಕೆ."

ನಾನು ಉಳಿಸಲು ಹೊರಟದ್ದನ್ನು ನಾನೇ ಹೇಳಿ ಕೆತ್ತಿಸಿದ್ದೆ. ಪ್ಲಾಸ್ಟಿಕ್ ಹಚ್ಚಿದ್ದರೂ ಅದರ ಹಿಂದೆ ಅವಳ ಸಾರಣೆ ಹಾಗೆಯೇ ಇರುತ್ತಿತ್ತು. ಹುಲ್ಲಿನ ಹಿಂದೆ ಇರುತ್ತಿತ್ತು, ಹಂಸ, ಜಿಂಕೆ, ನವಿಲುಗಳ ಹಿಂದೆಯೂ ಇರುತ್ತಿತ್ತು. ಊರಿನ ಎಲ್ಲರ ಅಭಿರುಚಿಗೆ ಮೂಗು ಮುರಿಯುತ್ತಾ ತಿರುಗಿದವಳಿಗೆ ಈಗ ತನ್ನ ಅಭಿರುಚಿಯೇ ಹೇಸಿಗೆಯಾಗಿ ಕಂಡಿತು.

ಮತ್ತೆ ಸಾರಣೆ ಮಾಡಿಸುವ ಎಂದೆ. ತಮ್ಮ ನನ್ನ ಮೇಲೆ ಹಾರಾಡಿದ. "ನಿನಗೆ ಮರುಳಾ? ಆಮಂತ್ರಣ ಹೇಳಿ ಆಗಿದೆ. ಹಸಿ ಸಿಮೆಂಟಿನ ಎದುರು ಹುಡುಗಿಯನ್ನು ಕೂರಿಸುದಾ?" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಅಮ್ಮ ಒಂದು ಮಣೆ ತೆಗೆದುಕೊಂಡು ಅಡುಗೆಮನೆಯ ಹಿಂದಿನ ಜಗಲಿಗೆ ಹೋದಳು.

ನಿಶ್ಚಿತಾರ್ಥದ ದಿನ ಬೆಳ್ತಂಗಡಿಯವರು ಎರಡು ವ್ಯಾನು ತುಂಬ ಬಂದರು. ಅಮ್ಮ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಹುಡುಗನ ತಂದೆ ಒಳಗೆ ಬಂದವರೇ ಗೋಡೆ ನೋಡಿ "ಓಹೋಹೋ!" ಎಂದರು. ಹತ್ತಿರ ಹೋಗಿ ತಟ್ಟಿ ನೋಡಿ "ಒರಿಜಿನಲಾ?" ಎಂದು ಕೇಳಿದರು. ತಮ್ಮ ಎದೆ ಉಬ್ಬಿಸಿ ಹೌದೆಂದ. ಅಮ್ಮ ಕೈ ಮುಗಿದು ಅವರ ಹತ್ತಿರ ಹೋದಳು.

"ಸಾರಣೆ ಬಾಕಿ ಉಂಟು. ಇನ್ನೊಮ್ಮೆ ನೀವು ಬರುವಾಗ ಆಗಿರ್ತದೆ" ಎಂದಳು.

ಅವರು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಅಮ್ಮ ನಗಲಿಲ್ಲ. ಅವರ ಹಿಂದೆ ಬಂದ ಹುಡುಗನ ತಾಯಿಗೂ ಅದನ್ನೇ ಹೇಳಿದಳು, ಆಮೇಲೆ ಬಂದ ಮಾವಂದಿರಿಗೂ. ಸಾರಣೆ ಬಾಕಿ ಉಂಟು. ಆ ಮಾತು ನನ್ನ ಕಿವಿಗೆ ಹೊಸದಲ್ಲ ಎಂದು ಆಗ ಗೊತ್ತಾಯಿತು. ನಾನು ಸಣ್ಣವಳಿರುವಾಗ ಮನೆಗೆ ಯಾರು ಬಂದರೂ ನೀರು ಬೆಲ್ಲ ಕೊಡುವ ಮೊದಲೇ ಅಮ್ಮ ಇದನ್ನು ಹೇಳುತ್ತಿದ್ದಳು, ತಲೆ ತಗ್ಗಿಸಿ, ಇದೇ ದನಿಯಲ್ಲಿ. ಆ ಮಾತಿನಿಂದ ಪಾರಾಗಲು ಅವಳು ಬೆನ್ನು ಸವೆಸಿದ್ದಳು. ನಾನು ಅವಳನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದ್ದೆ.

ಉಂಗುರ ತೊಡಿಸಿಯಾಯಿತು. ಫೋಟೊದವನು ಅಜ್ಜಿಯನ್ನು ಕರೆಯಿರಿ ಎಂದ. ಅಮ್ಮ ಬೇಡ ಎಂದರೂ ಬಿಡದೆ ಎಲ್ಲರೂ ಸೇರಿ ಕಲ್ಲಿನ ಎದುರು, ಹುಡುಗ ಹುಡುಗಿಯ ನಡುವೆ ಕೂರಿಸಿದರು. ಹಿಂದೆ ಸರಿಯಿರಿ, ಇನ್ನೂ ಸ್ವಲ್ಪ ಹಿಂದೆ ಎಂದು ಅವನು ಹೇಳುತ್ತಾ ಹೋದ. ಅಮ್ಮ ಎದ್ದು ಬರುವಾಗ ಸೀರೆಯ ಬೆನ್ನಿನ ತುಂಬ ಕೆಂಪು ಹುಡಿ. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನನ್ನ ಸೆರಗಿನಲ್ಲಿ ಒರೆಸತೊಡಗಿದೆ. ಒರೆಸಿದಷ್ಟೂ ಅದು ರೇಷ್ಮೆಗೆ ಹರಡಿಕೊಂಡಿತು.

"ಬಿಡು. ಅದು ಹೋಗುವುದಿಲ್ಲ" ಎಂದಳು ಅಮ್ಮ. "ನಿನ್ನ ಶಾಲೆಯ ಬಿಳಿ ಅಂಗಿಯದ್ದೇ ಹೋಗ್ತಿರಲಿಲ್ಲ. ಎಷ್ಟು ತಿಕ್ಕಿದ್ದೇನೆ."

ನಾನು ಬಿಡಲಿಲ್ಲ, ಒರೆಸುತ್ತಲೇ ಇದ್ದೆ. ಹೊರಗೆ ಹೊರಡುವ ಗದ್ದಲ ಶುರುವಾಗಿ ಯಾರೋ ನಮ್ಮನ್ನು ಕರೆದರು. ಹುಡುಗನ ತಂದೆ ಬಾಗಿಲಲ್ಲಿ ನಿಂತು ಕೊನೆಯದಾಗಿ ಒಮ್ಮೆ ಗೋಡೆಯನ್ನು ನೋಡುತ್ತಿದ್ದರು. ನಾವೂ ಆ ಪ್ಲಾಸ್ಟಿಕ್ ಕಿತ್ತು ಹೀಗೇ ಮಾಡಿಸಬೇಕು, ಏನು ಐಡಿಯಾ ಮಾರಾಯ್ರೆ ಎಂದು ತಮ್ಮನ ಬೆನ್ನು ತಟ್ಟಿದರು. ಅಮ್ಮ ನನ್ನ ಪಕ್ಕದಲ್ಲಿ ಬಂದು ನಿಂತು ಕೈ ಮುಗಿದಳು. ಅವಳ ತಲೆ ತಗ್ಗುವುದು ಕಂಡಿತು, ಬಾಯಿ ತೆರೆಯುವುದು ಕಂಡಿತು.

ಅವಳಿಗಿಂತ ಮೊದಲು ನಾನು ಹೇಳಿದೆ.

"ಸಾರಣೆ ಬಾಕಿ ಉಂಟು."